ಬೆತ್ತದ ಬಳ್ಳಿ ಸೆರಗು ಹಿಡಿದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಆಗ ಬೆತ್ತದ ಬಳ್ಳಿಗೆ ಒಂದೇ ಒಂದು ಮುಳ್ಳೂ ಇರಲಿಲ್ಲ ಮಕ್ಕಳೇ! ಬೆಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಅಳಿಲುಗಳು ಅದರ ಮೇಲೆ ಜಾರುಬಂಡಿ ಆಡುತ್ತಿದ್ದವು.

ಆ ಕಾಡಿನ ಮೂಲಜನರ ಪೋಡಿನಲ್ಲಿ, ಅಂದರೆ ನಾಲ್ಕಾರು ಗುಡಿಸಲಿನ ಊರಿನಲ್ಲಿ, ಕೇತಿ ಎಂಬ ಹೆಂಗಸಿದ್ದಳು. ಬಯಲಿನಿಂದ ಬಂದವರಿಗೆ ಕಾಡು ಸುತ್ತಿಸಿ ತೋರಿಸುವುದು ಅವಳ ಕೆಲಸ. ಇದು ನಮ್ಮ ಮುತ್ತಜ್ಜಿಯ ಜಾಗ, ಅದು ಜೇನಿನ ಬಂಡೆ, ಈ ಎಲೆ ಕೆಮ್ಮಿಗೆ ಒಳ್ಳೆಯದು ಎಂದು ಹೇಳುತ್ತಾ ಹೋದಳೆಂದರೆ ಕೇಳುವವರಿಗೆ ಹಸಿವೇ ಮರೆತುಹೋಗುತ್ತಿತ್ತು.

ಅವಳದು ಒಂದೇ ಕಟ್ಟಳೆ. ದಾರಿ ತಿರುಗುವಲ್ಲೆಲ್ಲ ನಿಂತು, "ನಾವ್ ಬಂದೀವಿ ಕಣವ್ವೋ!" ಎಂದು ಕೂಗಬೇಕು. ಆಚೆಯಿಂದ ಯಾರಾದರೂ "ಬನ್ನಿ" ಎನ್ನುವ ತನಕ ಹೆಜ್ಜೆ ಎತ್ತಬಾರದು. ಕಾಡು ಎಷ್ಟೊಂದು ಜೀವಗಳ ಮನೆ! ಹೇಳದೆ ಕೇಳದೆ ಯಾರ ಮನೆಗಾದರೂ ನುಗ್ಗುತ್ತಾರೆಯೇ?

ಒಂದು ದಿನ ಬಯಲಿನಿಂದ ಚನ್ನಾಜಮ್ಮ ಎಂಬಾಕೆ ಬಂದಳು. ಕಾಡು ಕಂಡದ್ದೇ ತಡ, ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಯ್ಯಯ್ಯೋ, ಏನ್ ಮರಾನೇ ಕೇತಮ್ಮ! ತುದೀನೇ ಕಾಣಾಕಿಲ್ವಲ್ಲ!"

ಕೇತಿಯೂ ಉಬ್ಬಿಹೋದಳು. ತನ್ನ ಕಾಡನ್ನು ಹೊಗಳಿದರೆ ಯಾರಿಗೆ ತಾನೇ ಖುಷಿಯಾಗದು? ಇಬ್ಬರೂ ಮಾತಾಡುತ್ತಾ ಬಿದಿರಮೆಳೆಯ ತಿರುವಿಗೆ ಬಂದು ನಿಂತು ಕೂಗಿದರು. ಉತ್ತರ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ದೊಡ್ಡ ಮಂಗಟ್ಟೆ ಹಕ್ಕಿಯೊಂದು ಬರ್ರೆಂದು ಹಾರಿತು.

"ಹಕ್ಕಿ! ಹಕ್ಕಿ!" ಎಂದು ಚನ್ನಾಜಮ್ಮ ಓಡಿಯೇಬಿಟ್ಟಳು.

ಆಗ ಗಾಳಿ ಏದುಸಿರು ಬಿಡುತ್ತಾ ಬಂತು. "ಕೇತೀ, ಬುಡಬ್ಯಾಡ ಅವಳ್ನ! ಆ ಕಡೆ ಆನೆ ಈಗಷ್ಟೇ ಮರಿ ಆಕ್ಯದೆ. ಎದುರಿಗೋದೋರ್ನ ತುಳಿದಾಕ್ಬುಡ್ತದೆ!"

ತನ್ನನ್ನು ನಂಬಿ ಬಂದ ಜೀವ ಅದು! ಕೇತಿ ಓಡಿದಳು, ಎಡವಿ ಬಿದ್ದಳು, ಬಿದ್ದಲ್ಲಿಂದಲೇ ಕಿರುಚಿದಳು. "ಯಾರಾರ ಇಡ್ಕೊಳ್ರಪ್ಪೋ ಅವ್ವನ್ನ!"

"ನನ್ ಬಿಳಲು ಅಲ್ಲೀಗಂಟ ಬೆಳೆಯೋ ಒತ್ಗೆ ಅವಳ ಮೊಮ್ಮಗಳು ಮುದುಕಿ ಆಗಿರ್ತಾಳೆ," ಎಂದು ಗೋಳಿಮರ ನಿಟ್ಟುಸಿರು ಬಿಟ್ಟಿತು.

"ನಾ ಇಡೀತೀನಿ!" ಎಂದು ಚಂಗನೆ ಕೈ ಚಾಚಿದ್ದು ಬೆತ್ತದ ಬಳ್ಳಿ. ಸೆರಗು ಸಿಕ್ಕಿತು, ಸುಯ್ಯೆಂದು ಜಾರಿತು. ಮತ್ತೆ ಚಾಚಿತು, ಮತ್ತೆ ಜಾರಿತು.

ಪಕ್ಕದ ಮರಕ್ಕೆ ಉಗುರು ಮಸೆಯುತ್ತಿದ್ದ ಕಾಡುಬೆಕ್ಕು ನಕ್ಕಿತು. "ಉಗುರಿಲ್ದೆ ಏನ್ ಇಡೀತೀಯೋ ನುಣ್ಣಪ್ಪ? ತಗೋ, ನನ್ ಅಳೇವು ಅವೆ!" ಎಂದು ಪರಪರ ಕೆರೆಯಿತು. ಬೆಕ್ಕು ಕಳಚಿದ ಹಳೆಯ ಉಗುರುಗಳು ಉದುರೇ ಉದುರಿದವು. ಬಳ್ಳಿ ಅವುಗಳ ಮೇಲೆ ಹೊರಳಾಡಿ ಮೈತುಂಬ ಅಂಟಿಸಿಕೊಂಡಿತು. ಎದ್ದು ಚಾಚಿತು ನೋಡಿ, ಸೆರಗು ಗಪ್ಪನೆ ಸಿಕ್ಕಿತು!

"ಯಾರದು ನನ್ ಸೀರೆ ಎಳೆಯೋದು?" ಚನ್ನಾಜಮ್ಮ ಜಗ್ಗಿದಳು. ಜಗ್ಗಿದಷ್ಟೂ ಬಿಗಿಯಾಯಿತು.

ಅವಳ ಮುಂದೆಯೇ ಪೊದೆ ಸರಿಯಿತು. ತಾಯಾನೆ ಬಂತು! ಅದರ ಹೊಟ್ಟೆಯಡಿಯಲ್ಲಿ ಕೂದಲು ಕೂದಲಿನ ಪುಟ್ಟ ಮರಿ, ತನ್ನ ಸೊಂಡಿಲನ್ನು ತಾನೇ ತುಳಿಯುತ್ತಾ ತೊನೆಯುತ್ತಿತ್ತು. ಆನೆ ಸೊಂಡಿಲೆತ್ತಿ ಮೂಸಿತು. ಚನ್ನಾಜಮ್ಮ ಸಿಕ್ಕಿಕೊಂಡಲ್ಲೇ ನಿಂತಳು. ಆನೆ ಮರಿಯನ್ನು ಮೆಲ್ಲಗೆ ದಾರಿ ದಾಟಿಸಿತು. ಆಮೇಲೆ ಆ ಬದಿಯಿಂದ, "ಈಗ ಬನ್ನಿ," ಎಂದಿತು.

ಕೇತಿ ಓಡಿಬಂದು ಚನ್ನಾಜಮ್ಮನನ್ನು ತಬ್ಬಿಕೊಂಡು ಅತ್ತಳು. ಚನ್ನಾಜಮ್ಮ ಅಳುತ್ತಲೇ ನಗುತ್ತಿದ್ದಳು. "ಮರಿ ನೋಡ್ದಾ ಕೇತಮ್ಮ? ಅದರ ಕಿವಿ ನೋಡ್ದಾ?"

ಸೆರಗು ಮಾತ್ರ ಇನ್ನೂ ಸಿಕ್ಕಿಕೊಂಡೇ ಇತ್ತು. "ಎಳೀಬ್ಯಾಡಿ ಕಣವ್ವ," ಎಂದಳು ಕೇತಿ, "ಒಂದೆಜ್ಜೆ ಇಂದಕ್ಕೆ ಬನ್ನಿ." ಚನ್ನಾಜಮ್ಮ ಹಿಂದೆ ಸರಿದಳು. ಉಗುರುಗಳು ತಾವಾಗಿಯೇ ಬಿಟ್ಟವು.

ಬಳ್ಳಿ ಉಗುರುಗಳನ್ನು ವಾಪಸು ಕೊಡಲು ಹೋದರೆ ಬೆಕ್ಕು, "ನೀನೇ ಮಡಿಕ್ಕೋ, ನಂಗೆ ಒಸಾವು ಬಂದಾಯ್ತು," ಎಂದು ಹೊರಟೇಹೋಯಿತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕಾಡಿನಲ್ಲಿ ಕೇಳದೆ ನುಗ್ಗಿದವರ ಅಂಗಿಯನ್ನು ಬೆತ್ತದ ಬಳ್ಳಿ ಕೊಕ್ಕೆಮುಳ್ಳಿನಿಂದ ಗಪ್ಪನೆ ಹಿಡಿಯುತ್ತದೆ. ಜಗ್ಗಿದರೆ ಬಟ್ಟೆ ಹರಿಯುತ್ತದೆ, ಒಂದು ಹೆಜ್ಜೆ ಹಿಂದೆ ಬಂದು ನಿಂತರೆ ಮೆತ್ತಗೆ ಬಿಟ್ಟುಬಿಡುತ್ತದೆ.