ಸಮುದ್ರ ದಾಟಿ ಬಂದ ಗೊರವಂಕ

ಹಡಗಿನ ಮೇಲೆ ಕೂತು ಒಂಟಿಯಾಗಿ ಸಿಂಹಳಕ್ಕೆ ಹೋಗಿಬಂದ ಗೊರವಂಕವೊಂದು ಅತ್ತಿಮರದ ಬುಡದಲ್ಲಿ ದಿನವೂ ಉಪನ್ಯಾಸ ಕೊಡತೊಡಗಿತು. ಕೇಳುವವರು, ಗುಂಪು ಬಿಟ್ಟು ಎಲ್ಲೂ ಹಾರದ ಹರಟೆಮಲ್ಲ ಹಕ್ಕಿಗಳು.

"ಪರದೇಶದಲ್ಲಿ ಒಬ್ಬಳೇ ಅಲೆದ ಮೇಲೆಯೇ ನಾನು ಯಾರೆಂದು ನನಗೆ ಗೊತ್ತಾದದ್ದು. ಈಗ ನನಗೆ ಯಾರ ಹಂಗೂ ಬೇಕಿಲ್ಲ. ನೀವೋ, ಒಂದು ಹುಳ ಹಿಡಿಯಲೂ ದಿಬ್ಬಣ ಹೊರಡುತ್ತೀರಿ!"

"ಹಿಂದೆ ಬೆಕ್ಕು ಬರುತ್ತಿದೆ, ತಾಯಿ" ಎಂದಿತು ಹಿರಿಯ ಹರಟೆಮಲ್ಲ.

"ಅಲ್ಲಿಯವರು ಹೀಗೆ ನಡುವೆ ಬಾಯಿ ಹಾಕುವುದಿಲ್ಲ" ಎಂದು ಗೊರವಂಕ ಕಣ್ಣು ಮುಚ್ಚಿ ಮಾತು ಮುಂದುವರಿಸಿತು.

ಬೆಕ್ಕು ಹಾರಿ ಅದರ ರೆಕ್ಕೆ ಕಚ್ಚಿತು. "ಅಯ್ಯೋ, ಬನ್ರೋ, ಕಾಪಾಡ್ರೋ!" ಎಂದು ಗೊರವಂಕ ಅಚ್ಚ ಊರಭಾಷೆಯಲ್ಲೇ ಅರಚಿಕೊಂಡಿತು. ಹರಟೆಮಲ್ಲಗಳು ಒಟ್ಟಾಗಿ ಎರಗಿ, ಬೆಕ್ಕಿನ ಮೂಗು ಕುಕ್ಕಿ ಕುಕ್ಕಿ ಓಡಿಸಿದವು.

ಜೀವ ಉಳಿದ ಗೊರವಂಕ ಮೈ ಕೊಡವಿತು. ಕೆದರಿದ ಗರಿ ತೀಡಿಕೊಂಡು, ಆಮೇಲೆ ಗಂಟಲು ಸರಿಮಾಡಿಕೊಂಡಿತು. "ಕಂಡಿರಾ? ಒಂಟಿಯಾಗಿ ತಿರುಗಿದವರಿಗೆ ಎಂಥ ಎದೆಗಾರಿಕೆ ಬರುತ್ತದೆ! ಬೆಕ್ಕಿನ ಬಾಯಿಂದಲೂ ಬಿಡಿಸಿಕೊಂಡು ಬಂದೆ."

ಹಿರಿಯ ಹರಟೆಮಲ್ಲ ಕೊಕ್ಕಿನ ರಕ್ತ ಒರೆಸಿಕೊಂಡಿತು. "ಇನ್ನೊಮ್ಮೆ ಹೊರಡುವಾಗ ಹೇಳಮ್ಮ, ಕಳಿಸಿಕೊಡಲು ಎಲ್ಲರೂ ಬರುತ್ತೇವೆ. ವಾಪಸ್ಸು ಬರಲು ಮಾತ್ರ ಅವಸರ ಮಾಡಬೇಡ."