ಗುರುಮಲ್ಲನ ಎಡೆ

ಕಪಿಲಾ ನದಿಯ ದಡದಲ್ಲಿ ಒಂದು ಚಿಕ್ಕ ಮಠ. ಅಲ್ಲಿನ ಗುರುಗಳ ಕೈಯಲ್ಲಿ ಅಕ್ಷರ ಕಲಿತು ಬೆಳೆದವರು ಗುರುಮಲ್ಲ ಮತ್ತು ಅವನ ತಂಗಿ ದಾಕ್ಷಾಯಿಣಿ.

ಗುರುಮಲ್ಲ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡ. ಮೂರೇ ದಿನದ ಜ್ವರ.

ಅವನ ವರ್ಷದ ತಿಥಿಯ ದಿನ ದಾಕ್ಷಾಯಿಣಿ ಒಂದು ಹಾಳೆ ಹಿಡಿದು ಮಠಕ್ಕೆ ಬಂದಳು. ಅದರಲ್ಲಿ ಎರಡು ವಿಶ್ವವಿದ್ಯಾಲಯಗಳ ಹೆಸರು. ಎರಡರಲ್ಲೂ ಸೀಟು ಸಿಗುವಷ್ಟು ರ್‍ಯಾಂಕ್ ಅವಳಿಗೆ ಬಂದಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಸಂಜೆಯೊಳಗೆ ತುಂಬಬೇಕು. ಮೊದಲು ಬರೆದದ್ದೇ ಸಿಗುವುದು.

"ಮೊದಲು ಬರೆದಿರೋದು ಯಾವುದವ್ವ?" ಎಂದರು ಗುರುಗಳು.

"ಅಣ್ಣ ಓದ್ತಿದ್ದದ್ದು, ಬುದ್ಧಿ. ಎಲೆಕ್ಟ್ರಿಕಲ್."

"ಎರಡನೇದು?"

"ಅದು ದೂರ. ಅಲ್ಲಿ ಸಿವಿಲ್ ಚೆನ್ನಾಗಿದೆಯಂತೆ. ಅಣೆಕಟ್ಟು, ಕಾಲುವೆ, ಹೊಳೆ ನೀರು ಎಲ್ಲ ಹೇಳ್ಕೊಡ್ತಾರೆ."

ಹೊಳೆ ನೀರು ಎನ್ನುವಾಗ ಅವಳ ಮುಖ ಅರಳಿತು. ಮಳೆಗಾಲ ಬಂತೆಂದರೆ ಮಠದ ಮೆಟ್ಟಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೊಳೆ ಎಷ್ಟು ಏರಿತೆಂದು ಅಳೆಯುತ್ತಿದ್ದವಳು. ಗುರುಗಳು ಎಷ್ಟು ಬೈದರೂ ಬಿಟ್ಟವಳಲ್ಲ.

"ಮತ್ಯಾಕೆ ಅದನ್ನ ಕೆಳಗೆ ಬರೆದಿದ್ದೀಯೆ?"

"ಅಣ್ಣನ್ನ ಮಣ್ಣು ಮಾಡೋವಾಗ ಮಾತು ಕೊಟ್ಟಿದೀನಿ, ಬುದ್ಧಿ. ನಿನ್ನ ಓದು ನಾನು ಮುಗಿಸ್ತೀನಿ ಅಂತ. ನೀವು ಆಶೀರ್ವಾದ ಮಾಡಿ."

ಗುರುಗಳು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು.

"ಮೊದಲು ಎಡೆ ಇಡು."

ದಾಕ್ಷಾಯಿಣಿ ಅಣ್ಣನ ಫೋಟೋದ ಮುಂದೆ ಬಾಳೆಲೆ ಹಾಸಿದಳು. ಅನ್ನ ಬಡಿಸಿ, ಮೇಲೆ ಹಾಗಲಕಾಯಿ ಗೊಜ್ಜು ಸುರಿದಳು. ಗುರುಮಲ್ಲನಿಗೆ ಹಾಗಲಕಾಯಿ ಎಂದರೆ ಪ್ರಾಣ.

ಬಾಗಿಲು ಮುಂದೆ ಮಾಡಿ ಇಬ್ಬರೂ ಹೊರಗೆ ಕೂತರು. ಹೋದವರು ಬಂದು ಉಂಡು ಹೋಗಲಿ ಎಂದು ಅಷ್ಟು ಹೊತ್ತು ಬಿಡುವುದು ವಾಡಿಕೆ.

ಬಾಗಿಲು ತೆರೆದಾಗ ದಾಕ್ಷಾಯಿಣಿ ಬಗ್ಗಿ ಎಲೆಯನ್ನೇ ನೋಡಿದಳು. ಒಂದಗುಳೂ ಕದಲಿರಲಿಲ್ಲ.

"ಕೂತ್ಕೊಂಡು ಉಣ್ಣು. ಎಲೆ ಖಾಲಿಯಾಗ್ಬೇಕು," ಎಂದರು ಗುರುಗಳು.

ಮೊದಲ ತುತ್ತು ಹೇಗೋ ಇಳಿಯಿತು. ಎರಡನೆಯದು ಗಂಟಲಲ್ಲಿ ನಿಂತಿತು. ಮೂರನೆಯದಕ್ಕೆ ವಾಕರಿಕೆ ಬಂದು ಅವಳ ಕಣ್ಣಲ್ಲಿ ನೀರಾಡಿತು.

"ನಂಗೆ ಹಾಗಲಕಾಯಿ ಸೇರಲ್ಲ, ಬುದ್ಧಿ. ನಿಮಗೆ ಗೊತ್ತಲ್ಲ."

"ಗೊತ್ತು. ಬೆಲ್ಲ ಹಾಕಿ ಕೊಟ್ರೂ ಕದ್ದು ಬೆಕ್ಕಿಗೆ ಹಾಕ್ತಿದ್ದವಳು ನೀನು. ನಾಲ್ಕು ವರ್ಷ ಹೇಗೆ ಉಣ್ತೀಯೆ?"

ದಾಕ್ಷಾಯಿಣಿ ಪಕ್ಕದಲ್ಲಿದ್ದ ಹಾಳೆಯನ್ನು ನೋಡಿದಳು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಹಂಗಾದ್ರೆ ಅಣ್ಣನ ಓದು ಯಾರು ಮುಗಿಸ್ತಾರೆ, ಬುದ್ಧಿ?"

ಗುರುಗಳು ಗುರುಮಲ್ಲನಿಗೆ ಅಕ್ಷರ ತಿದ್ದಿಸಿದ ಕೈಯಿಂದಲೇ ಅವನ ಫೋಟೋ ಸವರಿದರು.

"ಯಾರೂ ಮುಗಿಸಲ್ಲ, ಮಗಾ. ಅದು ಅರ್ಧಕ್ಕೇ ನಿಂತೋಯ್ತು."

ಒಂದು ವರ್ಷದಿಂದ ಈ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಗುರುಗಳು ಎಲೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಎಂಜಲು, ಬುದ್ಧೀ!" ಎಂದಳು ದಾಕ್ಷಾಯಿಣಿ ಗಾಬರಿಯಿಂದ.

"ನಮ್ಮ ಹುಡುಗನಿಗಿಟ್ಟದ್ದು," ಎಂದು ಅವರು ಉಣ್ಣತೊಡಗಿದರು. ಕಣ್ಣೀರು ಎಲೆಗೆ ಬೀಳುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ. ಕೊನೆಯ ಅಗುಳಿನವರೆಗೂ ಉಂಡರು.

ಆಮೇಲೆ ಕೈ ತೊಳೆದು ಬಂದು, ಹಾಳೆ ಬಿಡಿಸಿ, ಪೆನ್ನನ್ನು ಅವಳ ಕೈಗಿತ್ತರು.

"ವರ್ಷಕ್ಕೊಂದು ದಿನ ಅವನಿಗೆ ಎಡೆ ಇಡೋಣ. ಉಳಿದ ದಿನ ನಿನ್ನ ಊಟ ನೀನು ಉಣ್ಣು, ಮಗಾ."