ಮುಕ್ಕಾಲು ತೋರಿಸುವ ಮೀಟರು

ಕೆರೆಯ ಕಡೆ ತಲೆ ಹಾಕದೆ, ಕೂತಲ್ಲೇ "ಕೆರೆ ತುಂಬಿದೆ" ಎಂದು ಸಹಿ ಹಾಕುತ್ತಾ ನಿವೃತ್ತರಾದ ದೊಡ್ಡ ಅಧಿಕಾರಿ ರುದ್ರಸ್ವಾಮಿ ಸಾಹೇಬರು ಒಂದು ಮೋಟರ್‌ಹೋಮ್ ಕೊಂಡರು. ಗಾಡಿಯೊಳಗೇ ಮಂಚ, ಒಲೆ ಎಲ್ಲ. ಹೆಂಡತಿ ಮತ್ತು ಅಡುಗೆಯ ಜಟ್ಟಪ್ಪನ ಜೊತೆ ಪ್ರವಾಸ ಹೊರಟರು.

ಘಟ್ಟ ಹತ್ತುವ ಮುಂಚೆ ಕೊನೆಯ ಗ್ಯಾಸ್ ಅಂಗಡಿ ಸಿಕ್ಕಿತು. "ಗ್ಯಾಸ್ ಮುಗೀತಾ ಬಂತು ಸರ್, ಇಲ್ಲೇ ಸಿಲಿಂಡರ್ ಬದಲಾಯಿಸೋಣ" ಎಂದ ಜಟ್ಟಪ್ಪ.

ಸಾಹೇಬರು ಒಲೆಯ ಪಕ್ಕದ ಮೀಟರು ತೋರಿಸಿದರು. "ಮುಕ್ಕಾಲು ಇದೆ. ಫಾರಿನ್ ಮೀಟರು ಸುಳ್ಳು ಹೇಳುತ್ತಾ? ರುಜುವಾತು ಮಾಡು, ಇಲ್ಲಾ ಇಲ್ಲೇ ಇಳಿದು ನಡಿ!"

ಜಟ್ಟಪ್ಪ ಒದ್ದೆ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿದ. ಒಳಗೆ ಗ್ಯಾಸ್ ಇರುವಷ್ಟು ಭಾಗ ತಣ್ಣಗಿದ್ದು ತೇವ ನಿಲ್ಲುತ್ತದೆ. ಮೇಲೆಲ್ಲ ಬೇಗ ಆರಿತು. ಅಡಿಯಲ್ಲಿ ನಾಲ್ಕು ಬೆರಳಷ್ಟೇ ಒದ್ದೆ ಉಳಿಯಿತು.

"ಮುಸುರೆ ಬಟ್ಟೆಯ ವಿಜ್ಞಾನ ನನಗೆ ಬೇಡ" ಎಂದು ಸಾಹೇಬರು ಎದುರಿನ ಹೋಟೆಲಿಗೆ ಕಾಫಿಗೆ ಹೋದರು.

ವಾಪಸು ಬಂದಾಗ ಜಟ್ಟಪ್ಪ ಕೈಕಟ್ಟಿ ನಿಂತಿದ್ದ. "ಈಗ ಎಷ್ಟಿದೆ ನೋಡಿ ಸರ್."

"ಮುಕ್ಕಾಲು! ಕಣ್ಣು ಕಾಣಲ್ವಾ?"

"ಖಂಡಿತಾನಾ ಸರ್?"

"ಬೇಕಾದ್ರೆ ಬರೆದು ಸಹಿ ಹಾಕಿ ಕೊಡ್ತೀನಿ!"

ಜಟ್ಟಪ್ಪ ಕಿಟಕಿಯಾಚೆ ಕೈ ತೋರಿಸಿದ. ಗಾಡಿಯ ಸಿಲಿಂಡರ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿತ್ತು.

ಸಾಹೇಬರು ಸಿಲಿಂಡರ್ ನೋಡಿದರು, ಮೀಟರು ನೋಡಿದರು. ಬೆರಳಿಂದ ಕುಟ್ಟಿದರು. ಮುಳ್ಳು ಮುಕ್ಕಾಲು ಬಿಟ್ಟು ಅಲ್ಲಾಡಲಿಲ್ಲ. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಕಿತ್ತು ಬಿಸಾಕು ಈ ದರಿದ್ರ ಮೀಟರನ್ನ!"

"ಪಾಪ, ಇರ್ಲಿ ಬಿಡಿ ಸರ್" ಎಂದ ಜಟ್ಟಪ್ಪ. "ನಿಮ್ಮ ಆಫೀಸಿನಲ್ಲಿ ಇದ್ದಿದ್ರೆ ಇಷ್ಟು ಹೊತ್ತಿಗೆ ಇದಕ್ಕೆ ಬಡ್ತಿ ಸಿಕ್ಕಿರೋದು."